ಡುಲ್ಸಿನ್ ಬಾಯಿಯ ಹೆಸರಿಲ್ಲದ ಲಿಲ್ಲಿಗಳು

ಡುಲ್ಸಿನ್ ಬಾಯಿ ನಿಧಾನವಾಗಿ ನಡೆದದ್ದನ್ನು ಕಂಡವರು ಕಾಪುವಿನಲ್ಲಿ ಯಾರೂ ಇರಲಿಲ್ಲ. ಸರಕಾರಿ ಹೆರಿಗೆ ಕೇಂದ್ರದ ದಾದಿಯಾಗಿ ಒಂದು ತಲೆಮಾರಿನ ಕಾಲ ಊರಿನ ಮನೆಮನೆಗೆ ಓಡಿದ ಆ ಕಾಲುಗಳು ನಿವೃತ್ತಿಯ ಮೇಲೂ ಹಳೆಯ ವೇಗವನ್ನು ಬಿಟ್ಟುಕೊಡಲಿಲ್ಲ. ಮುಚ್ಚಿದ ಕಪ್ಪು ಕೊಡೆಯನ್ನು ಮುಂದಕ್ಕೆ ಚಾಚಿ, ತಲೆಯನ್ನು ತುಸು ಬಗ್ಗಿಸಿ, ಎದುರಿನವರು ದಾರಿ ಬಿಟ್ಟೇ ಬಿಡುತ್ತಾರೆಂಬ ಪೂರ್ಣ ವಿಶ್ವಾಸದಿಂದ ಅವರು ಪೇಟೆಯ ನಡುವೆ ಹಾದುಹೋಗುವಾಗ, ಅಂಗಡಿಯವರು ತಕ್ಕಡಿ ಹಿಡಿದ ಕೈಯಲ್ಲೇ ನಿಂತು, ಯಾರ ಮನೆಯಲ್ಲಿ ಬಾಯಮ್ಮ ಎಂದು ವಿಚಾರಿಸುವುದು ವಾಡಿಕೆಯಾಗಿತ್ತು. ಅವರು ಓಡುತ್ತಿದ್ದಾರೆಂದರೆ ಯಾರೋ ಹೆಣ್ಣುಮಗಳಿಗೆ ನೋವು ಕಾಣಿಸಿಕೊಂಡಿದೆ ಎಂದೇ ಊರಿನ ಲೆಕ್ಕ. ನಿವೃತ್ತಿಯ ನಂತರವೂ ಅದೇ ಪ್ರಶ್ನೆ ಮುಂದುವರಿಯಿತು. ಉತ್ತರ ಮಾತ್ರ ಬದಲಾಯಿತು.

"ಹೆರಿಗೆ ಅಲ್ಲ ಮಾರಾಯ, ಲಿಲ್ಲಿ. ಪಾಂಗಾಳದ ಹೊಳೆಬದಿಯಲ್ಲಿ ಅರಳಿದೆಯಂತೆ."

ಎತ್ತರದ ನಿಲುವು, ಗಟ್ಟಿ ಎಲುಬು, ಸೋಪು ನೀರಿನಲ್ಲಿ ವರ್ಷಾನುಗಟ್ಟಲೆ ತಿಕ್ಕಿ ತಿಕ್ಕಿ ಬಿಳಿಚಿಕೊಂಡ ಉದ್ದನೆಯ ಬೆರಳುಗಳು. ಕೆಲಸ ಮುಗಿದ ದಿನ ಎಲ್ಲರೂ ಬಿಳಿಯ ಕೋಟನ್ನು ಕಳಚಿಟ್ಟು ನಿಟ್ಟುಸಿರು ಬಿಡುತ್ತಾರೆ. ಇವರು ಅದನ್ನು ಮನೆಗೆ ತಂದು ತೋಟದ ಉಡುಪು ಮಾಡಿಕೊಂಡರು. ಅದರ ಆಳವಾದ ಜೇಬುಗಳಲ್ಲಿ ಸಣ್ಣ ಚಿಮಟ, ಒಂದು ಸುರುಳಿ ಬ್ಯಾಂಡೇಜ್ ಬಟ್ಟೆ, ಅಂಟುವ ಪ್ಲಾಸ್ಟರ್, ರಬ್ಬರ್ ಮುಚ್ಚಳದ ಖಾಲಿ ಇಂಜೆಕ್ಷನ್ ಬಾಟ್ಲಿಗಳು ಸದಾ ಇರುತ್ತಿದ್ದವು. ನಡೆಯುವಾಗ ಬಾಟ್ಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದುದರಿಂದ ಅವರು ಬೇಲಿಯಾಚೆ ಇದ್ದಾಗಲೇ ನಮಗೆ ತಿಳಿಯುತ್ತಿತ್ತು. ಮಾತಿನ ನಡುವೆ "ಆಯ್ತು, ಈಗ ಉಸಿರು ಬಿಡಿ" ಎನ್ನುವುದು ಅವರ ರೂಢಿ. ವೃತ್ತಿಯಲ್ಲಿ ಅಂಟಿದ ಮಾತು ಅದು. ಆದರೆ ಅಂಚೆಯವನೊಡನೆ ಜಗಳವಾದಾಗಲೂ, ಸಿಟ್ಟಿಗೆದ್ದ ಪಂಚಾಯತ್ ಸದಸ್ಯರ ಎದುರಿಗೂ ಅವರು ಅದನ್ನೇ ಹೇಳುತ್ತಿದ್ದರು, ಮತ್ತು ಆಶ್ಚರ್ಯವೆಂದರೆ ಎಲ್ಲರೂ ಉಸಿರು ಬಿಡುತ್ತಿದ್ದರು.

ನಾನು ಆಗ ಉಡುಪಿಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡು ಕಾಪುವಿನಲ್ಲಿ ಅವರ ನೆರೆಯಲ್ಲಿ ವಾಸವಾಗಿದ್ದೆ. ನನ್ನ ಇಬ್ಬರು ಹೆಣ್ಣುಮಕ್ಕಳನ್ನು ಈ ಲೋಕಕ್ಕೆ ಬರಮಾಡಿಕೊಂಡವರು ಅವರೇ. ಎರಡನೆಯವಳು ಹುಟ್ಟಿದಾಗ ನಮ್ಮ ಹಿರಿಯ ಅತ್ತೆಯೊಬ್ಬರು ಇದೂ ಹೆಣ್ಣೇ ಎಂದು ಮುಖ ಸಣ್ಣದು ಮಾಡಿಕೊಂಡರಂತೆ. ಡುಲ್ಸಿನ್ ಬಾಯಿ ಕೂಸನ್ನು ಎತ್ತಿ ಅತ್ತೆಯ ಕಣ್ಣೆದುರು ಹಿಡಿದು ಕೇಳಿದರು: "ಈ ಮುಖವನ್ನು ಮೊದಲು ಎಲ್ಲಿಯಾದರೂ ನೋಡಿದ್ದೀರಾ? ಇಲ್ಲ ಅಲ್ವಾ? ಮತ್ತೆ ಎಂತ ಬೇಸರ?" ಹೂವಿನ ಬಗ್ಗೆ ಅವರಿಗಿದ್ದ ಹುಚ್ಚಿನ ಮೂಲವೂ ಈ ಪ್ರಶ್ನೆಯೇ ಎಂಬುದು ನನಗೆ ತಿಳಿಯಲು ಬಹಳ ವರ್ಷಗಳು ಬೇಕಾದವು.

ಕಾಡುಲಿಲ್ಲಿಗಳನ್ನು ನೋಡುವುದರಲ್ಲಿ ಅವರದೇ ಒಂದು ಶಿಸ್ತು ಇತ್ತು. ಮೊದಲ ಮಳೆ ಬಿದ್ದೊಡನೆ ಕಾರ್ಕಳದ ಕಡೆಯ ಮುರಕಲ್ಲಿನ ಬಂಡೆಹಾಸಿನ ಪಾರೆಗಳಲ್ಲಿ ಎಲೆಗೂ ಮುಂಚೆ ಹೂವನ್ನೇ ಮೇಲಕ್ಕೆ ಕಳಿಸುವ ಬಿಳಿಯ ಲಿಲ್ಲಿ, ಹೊಳೆಬದಿಯ ಕೆಸರಿನಲ್ಲಿ ಉದ್ದ ದಂಟಿನ ಮೇಲೆ ತಲೆದೂಗುವ ಇನ್ನೊಂದು ಬಗೆ, ಆಟಿ ತಿಂಗಳ ಮಳೆ ಸಡಿಲಿದಾಗ ಬೇಲಿಗಳನ್ನು ಹಿಡಿದು ಹತ್ತುವ ಗೌರಿಹೂ, ಹೀಗೆ ಯಾವುದು ಎಲ್ಲಿ ಯಾವಾಗ ಎಂಬುದು ಅವರಿಗೆ ನೆಂಟರ ಮನೆಯ ಶುಭಕಾರ್ಯಗಳ ಹಾಗೆ ನೆನಪಿರುತ್ತಿತ್ತು. ಒಮ್ಮೆ ಅವರ ಜೊತೆ ಕಾರ್ಕಳಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ಬೆಳ್ಮಣ್ ದಾಟುವ ಮೊದಲೇ ಅವರು ಗಂಟೆ ಬಾರಿಸಿ ಇಳಿದುಬಿಟ್ಟರು. ವಿಧಿಯಿಲ್ಲದೆ ನಾನೂ ಇಳಿದೆ. ರಸ್ತೆ ಬದಿಯ ಕಳ್ಳಿಬೇಲಿಯ ಮೇಲೆ ಗೌರಿಹೂ ಹಬ್ಬಿತ್ತು. ತುದಿಯ ಮೊಗ್ಗು ಹಸಿರು, ಅದರ ಕೆಳಗಿನದು ಹಳದಿ, ಇನ್ನೂ ಕೆಳಗೆ ಪೂರ್ತಿ ಕೆಂಪಾಗಿ ಎಸಳುಗಳನ್ನು ಹಿಂದಕ್ಕೆ ಮಡಚಿ ನಿಂತ ಹೂವು. ಪುಸ್ತಕದವರು ಇದನ್ನು ಅಗ್ನಿಶಿಖೆ ಎಂದದ್ದು ಉತ್ಪ್ರೇಕ್ಷೆಯಲ್ಲವೆಂದು ನನಗೆ ಅಂದು ಅನಿಸಿತು. ಸದಾ ಓಡುವ ಆ ಹೆಂಗಸು ಕೊಡೆಯೂರಿ ಅದರ ಮುಂದೆ ನಿಂತದ್ದು ನಿಂತೇ ಬಿಟ್ಟರು. ಮನೆಯೊಳಗಿಂದ ಬಂದ ಯಜಮಾನರು, ಎಂತದ್ದಾದರೂ ಕಳೆದುಹೋಗಿದೆಯಾ ಎಂದು ಕೇಳಿ, ವಿಷಯ ತಿಳಿದು, ಬೇಕಾದಷ್ಟು ಕೊಯ್ದುಕೊಳ್ಳಿ ಎಂದು ಔದಾರ್ಯ ತೋರಿದರು. ಡುಲ್ಸಿನ್ ಬಾಯಿ ಕೈ ಮುಗಿದು ಬೇಡವೆಂದರು. ಕಾಡಿನದ್ದನ್ನು ಕೊಯ್ಯಬಾರದು, ಕಾಯಿ ಒಣಗಿದ ಮೇಲೆ ಒಂದು ಬೀಜ ಕೇಳಬಹುದು, ಅದೂ ಇದ್ದ ಜಾಗದಲ್ಲಿ ಇನ್ನಷ್ಟು ಉಳಿದಿದ್ದರೆ ಮಾತ್ರ. ಇದು ಅವರ ಧರ್ಮ.

ಮನೆಯಲ್ಲಿ ಈ ಧರ್ಮಕ್ಕೆ ವಿರೋಧ ಪಕ್ಷವೊಂದಿತ್ತು. ಅವರ ತಂಗಿ ಬರ್ತಾ ಅದೇ ಮನೆಯಲ್ಲಿದ್ದು ಅಂಗಳದ ಸುತ್ತ ಮಲ್ಲಿಗೆ ಬೆಳೆಸುತ್ತಿದ್ದರು. ನಮ್ಮ ಕಡೆ ಮಲ್ಲಿಗೆ ಎಂದರೆ ತಮಾಷೆಯಲ್ಲ. ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಸ್ಸಿಗೆ ತಲುಪಿಸುವವರೆಗೆ ಮನೆಯಲ್ಲಿ ಯಾರೂ ತಲೆಯೆತ್ತುವಂತಿಲ್ಲ. ಪರಿಮಳವಿಲ್ಲದ, ಮುಡಿಯಲು ಬಾರದ, ಮಾಲೆಗೂ ಸಲ್ಲದ ಹೂವಿಗಾಗಿ ಅಕ್ಕ ಒಳ್ಳೆಯ ಬಿಸಿಲಿನ ಜಾಗವನ್ನು ಹಿಡಿದಿಟ್ಟುಕೊಂಡದ್ದು ಬರ್ತಾರಿಗೆ ಸಹಿಸಲಾಗದ ಸಂಗತಿಯಾಗಿತ್ತು. ಬೇಕಿದ್ದರೆ ಗಡ್ಡೆ ತಂದು ನೆಡಲಿ, ಮರುವರ್ಷವೇ ಹೂವಾಗುತ್ತದೆ. ಬೀಜ ಹಾಕಿ ನಾಲ್ಕು ವರ್ಷ ಕಾಯುವುದು ಯಾವ ಬುದ್ಧಿ ಎಂದು ಅವರು ನನ್ನ ಹೆಂಡತಿಯ ಬಳಿ ದೂರುತ್ತಿದ್ದರು. ಆ ದೂರನ್ನು ನಾನೊಮ್ಮೆ ಡುಲ್ಸಿನ್ ಬಾಯಿಗೆ ಮುಟ್ಟಿಸಿದಾಗ ಅವರು ಗಂಭೀರವಾಗಿ ಹೇಳಿದರು:

"ಗಡ್ಡೆಯಿಂದ ಬರುವುದು ತಾಯಿಯೇ ಮಾಷ್ಟ್ರೇ, ಮಗು ಅಲ್ಲ. ಬೀಜದಿಂದ ಬರುವುದು ಯಾರು ಅಂತ ಯಾರಿಗೂ ಗೊತ್ತಿಲ್ಲ."

ಅಂಥ ಒಂದು ಮಗುವಿಗಾಗಿ ಅವರು ಕಾರ್ಕಳಕ್ಕೆ ಹೋಗಿದ್ದರು. ಆನೆಕೆರೆಯ ಸಮೀಪ ವಕೀಲರೊಬ್ಬರ ಪತ್ನಿ ಪ್ರಭಾವತಿ ಎಂಬವರ ಅಂಗಳದಲ್ಲಿ ಅಪರೂಪದ ಬಿಳಿಯ ಲಿಲ್ಲಿಯೊಂದು ಇತ್ತು. ನಮ್ಮೂರಿನ ಪ್ರತಿ ಅಂಗಳದಲ್ಲೂ ಬೇಸಿಗೆಯಲ್ಲಿ ಎದ್ದು ನಿಲ್ಲುವ ಕೆಂಪು ಲಿಲ್ಲಿಯ ಜಾತಿಯದೇ. ಆದರೆ ಶಂಖದಷ್ಟು ಬಿಳುಪು, ಗಂಟಲಿನಲ್ಲಿ ಮಾತ್ರ ಎಳೆ ಬಾಳೆಲೆಯ ಹಸಿರು. ತೌರಿನಿಂದ ತಂದ ಆ ಗಿಡದ ಗಡ್ಡೆಯನ್ನು ಪ್ರಭಾವತಿ ಯಾರಿಗೂ ಕೊಟ್ಟವರಲ್ಲ, ಒಡಹುಟ್ಟಿದ ಅಕ್ಕನಿಗೂ ಇಲ್ಲ. ಡುಲ್ಸಿನ್ ಬಾಯಿ ಗಡ್ಡೆ ಕೇಳಲೇ ಇಲ್ಲ. ಹೂವಿನೊಳಗಿನ ಧೂಳು ಒಂದು ಚಿಟಿಕೆ ಸಾಕೆಂದರು. ಪ್ರಭಾವತಿಗೆ ನಗು ಬಂತು. ಧೂಳೇ ಬೇಕಾದರೆ ಹೂವು ಬಾಡುವ ಮೊದಲು ಎಲ್ಲವನ್ನೂ ತೆಗೆದುಕೊಂಡು ಹೋಗಿ ಎಂದು ಕಾಫಿ ಕೊಟ್ಟು ಕಳಿಸಿದರು.

ಆ ಹಳದಿ ಧೂಳು ಖಾಲಿ ಇಂಜೆಕ್ಷನ್ ಬಾಟ್ಲಿಯಲ್ಲಿ ಕುಳಿತು ಕಾಪುವಿಗೆ ಬಂತು. ಮರುದಿನ ಬೆಳಿಗ್ಗೆ ನಮ್ಮ ಬೇಲಿಯ ಈಚೆಯಿಂದ ನಾನು ನೋಡಿದ ದೃಶ್ಯ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಬಿಳಿಯ ಕೋಟು ತೊಟ್ಟ ಬಾಯಿ ತಮ್ಮ ಕೆಂಪು ಲಿಲ್ಲಿಯ ಎದುರು ಮೊಣಕಾಲೂರಿ, ಅದರ ಸ್ವಂತ ಕೇಸರಗಳನ್ನು ಚಿಮಟದಿಂದ ಒಂದೊಂದಾಗಿ ಕಿತ್ತು, ಹೂವಿನ ನಡುವೆ ಉಳಿದ ಶಲಾಕೆಯ ತುದಿಗೆ ಕಾರ್ಕಳದ ಧೂಳನ್ನು ಸವರಿ, ಬೇರೆ ಹುಳು ಹೋಗದಂತೆ ಹೂವಿಗೆ ಬ್ಯಾಂಡೇಜ್ ಬಟ್ಟೆ ಸುತ್ತಿದರು. ಕಾಯಿ ಕಟ್ಟಿತು, ಬಲಿಯಿತು, ಬಿರಿಯಿತು. ಒಳಗೆ ಸುಟ್ಟ ಕಾಗದದ ಚೂರಿನಂಥ ತೆಳ್ಳಗಿನ ಕಪ್ಪು ಬೀಜಗಳು. ಆಸ್ಪತ್ರೆಯಲ್ಲಿ ಒಂದು ಕಾಲಕ್ಕೆ ಸೂಜಿ ಕತ್ತರಿಗಳನ್ನಿಡುತ್ತಿದ್ದ ಕಿಡ್ನಿ ಟ್ರೇಯಲ್ಲಿ ನೀರು ತುಂಬಿ ಅವನ್ನು ತೇಲಬಿಟ್ಟರು. ಬಿಳಿಯ ಬೇರು ಇಣುಕಿದ ಮೇಲೆ ಒಂದೊಂದನ್ನೂ ಮಣ್ಣಿನ ಚಟ್ಟಿಗೆ ಇಳಿಸಿದರು. ಅದು ಎಪ್ಪತ್ತೇಳನೆಯ ಇಸವಿ.

ಮುಂದಿನ ವರ್ಷಗಳು ಯುದ್ಧದ ವರ್ಷಗಳು. ನಮ್ಮ ಕರಾವಳಿಯ ಮಳೆ ಎಳೆಯ ಗಡ್ಡೆಗೆ ಕರುಣೆ ತೋರುವುದಿಲ್ಲ. ಜುಲೈ ಬಂತೆಂದರೆ ಚಟ್ಟಿಗಳೆಲ್ಲ ಮನೆಯೊಳಗೆ ಬಂದು ಮಂಚದಡಿ, ಜಗಲಿಯ ಬೆಂಚಿನಡಿ, ಕೊನೆಗೆ ಏಸುವಿನ ಚಿತ್ರಪಟದ ಕೆಳಗಿನ ಮೇಜಿನ ಮೇಲೂ ಸಾಲಾಗಿ ಕುಳಿತವು. ಪ್ರಾರ್ಥನೆಗೆ ಮೊಣಕಾಲೂರಲು ಸ್ಥಳ ಉಳಿಸು ಎಂದು ಬರ್ತಾ ಗುಡುಗಿದರು. ಕಪ್ಪು ಬಿಳಿ ಪಟ್ಟೆಯ ಹುಳುಗಳು ಬಂದು ಎಲೆಯನ್ನು ಮೇಯ್ದು, ಗಡ್ಡೆಯೊಳಕ್ಕೂ ಕೊರೆದವು. ಬಾಯಿ ದಿನ ಬೆಳಗಾದರೆ ಚಿಮಟ ಹಿಡಿದು ಅವುಗಳ ಬೇಟೆಗೆ ಇಳಿಯುತ್ತಿದ್ದರು. ಎರಡನೆಯ ಮಳೆಗಾಲ ಮುಗಿಯುವಾಗ ಅರ್ಧದಷ್ಟು ಚಟ್ಟಿಗಳು ಬರಿದಾಗಿದ್ದವು. ಬರಿದಾದ ಚಟ್ಟಿಗಳನ್ನು ಅವರು ತೊಳೆದು ಬೋರಲು ಹಾಕುವಾಗ ನಾನೇನೋ ಸಾಂತ್ವನ ಹೇಳಲು ಹೋದೆ. ಉಳಿದ ಅರ್ಧವನ್ನು ನೋಡಿ ಮಾಷ್ಟ್ರೇ ಎಂದು ನನ್ನ ಮಾತನ್ನು ಅಲ್ಲಿಗೇ ನಿಲ್ಲಿಸಿದರು.

ಎಂಬತ್ತೊಂದರ ಮಾರ್ಚ್ ತಿಂಗಳಲ್ಲಿ ಮೊದಲ ಸಸಿ ದಂಟು ಎತ್ತಿತು. ಅರಳಿದ ದಿನ ನಾವೆಲ್ಲ ಹೋಗಿ ನೋಡಿದೆವು. ಹೊಸ ಹೆಂಚಿನ ಕೆಂಪು, ಅಂಚಿಗೆ ಬಿಳಿಯ ಗೆರೆ, ಗಂಟಲಿನಲ್ಲಿ ಹಸಿರು. ಅಂಥ ಹೂವನ್ನು ಕಾಪುವಾಗಲಿ ಕಾರ್ಕಳವಾಗಲಿ ಎಂದೂ ಕಂಡಿರಲಿಲ್ಲ. ಅದೇ ವಾರ ಮಣಿಪಾಲದಲ್ಲಿ ಉದ್ಯಾನಪ್ರಿಯರ ಕೂಟವೊಂದು ಪುಷ್ಪಪ್ರದರ್ಶನ ಏರ್ಪಡಿಸಿತ್ತು. ಬಾಯಿ ಚಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಹೋದರು. ನಾನು ಕಾಲೇಜು ಮುಗಿಸಿ ನೇರವಾಗಿ ಅಲ್ಲಿಗೆ ಬಂದೆ.

ತೀರ್ಪುಗಾರರಾಗಿದ್ದವರು ಅಲೆವೂರಿನ ಕೃಷ್ಣರಾಜರು. ಬ್ಯಾಂಕಿನಿಂದ ನಿವೃತ್ತರಾದ, ಗುಲಾಬಿ ಬೆಳೆಸುವುದರಲ್ಲಿ ನುರಿತ, ಮೆಲುದನಿಯ ಸಜ್ಜನರು; ನಿಯಮವೆಂದರೆ ನಿಯಮ ಎನ್ನುವವರು. ಹೂವಿನ ತಳಿಯ ಹೆಸರೇನು ಎಂದು ಅವರು ಕೇಳಿದರು. ಹೆಸರಿಲ್ಲ, ಬೀಜದಿಂದ ಬಂದದ್ದು ಎಂದರು ಬಾಯಿ. ಹೆಸರಿಲ್ಲದ ಗಿಡ ಸ್ಪರ್ಧೆಗೆ ಸಲ್ಲದು ಎಂದಾಗ, ಹುಟ್ಟಿದ ಮಗುವಿನ ತೂಕ ಮೊದಲು ನೋಡುತ್ತೇವೆ, ನಾಮಕರಣ ಆಮೇಲೆ ಎಂದು ಉತ್ತರ ಬಂತು. ಸುತ್ತ ನಿಂತವರು ನಕ್ಕರು. ಕೃಷ್ಣರಾಜರು ನಗಲಿಲ್ಲ. ಬಗ್ಗಿ ಹೂವನ್ನು ಬಹಳ ಹೊತ್ತು ನೋಡಿ, ತಮ್ಮ ಪ್ರಾಮಾಣಿಕವಾದ ಸಂದೇಹವನ್ನು ಎಲ್ಲರ ಎದುರಿಗೇ ನುಡಿದರು.

"ನಮ್ಮ ಸೆಕೆಯಲ್ಲಿ, ನಮ್ಮ ಮಳೆಯಲ್ಲಿ ಬೀಜದಿಂದ ಇಂಥದ್ದು ಬಂದದ್ದನ್ನು ನಾನು ಕಂಡಿಲ್ಲ ಬಾಯಿ. ಹೊರಗಿನಿಂದ ತರಿಸಿದ ಗಡ್ಡೆ ಅಂತ ಒಪ್ಪಿಕೊಳ್ಳಿ. ಬದಿಯ ಮೇಜಿನಲ್ಲಿ ನೋಡಲಿಕ್ಕೆ ಇಡುವ."

"ನಾನು ಹೆರಿಗೆ ಮಾಡಿಸಿದವಳು," ಎಂದರು ಡುಲ್ಸಿನ್ ಬಾಯಿ. "ಯಾರದ್ದೋ ಮಗುವನ್ನು ತಂದು ಇನ್ನೊಬ್ಬರ ಮಡಿಲಲ್ಲಿ ಇಟ್ಟವಳಲ್ಲ."

ಚಟ್ಟಿಯನ್ನು ಎತ್ತಿಕೊಂಡು ಹೊರಟರು. ಮರಳುವ ಬಸ್ಸಿನಲ್ಲಿ ನಾನು ಪಕ್ಕದಲ್ಲೇ ಕುಳಿತಿದ್ದೆ. ಅವರು ಹೂವಿನ ದಂಟು ಕುಲುಕದಂತೆ ಎರಡು ಬೆರಳಿನಿಂದ ಹಿಡಿದು ಕಿಟಕಿಯ ಆಚೆ ನೋಡುತ್ತಿದ್ದರು. ಸುದ್ದಿ ಅವರಿಗಿಂತ ಮೊದಲೇ ಊರು ತಲುಪಿತ್ತು. ಬಹರೈನಿನಲ್ಲಿದ್ದ ಅವರ ಅಣ್ಣನ ಮಗ ಗಡಿಯಾರ, ಅತ್ತರು ಕಳಿಸಿದಂತೆ ಗಡ್ಡೆಯನ್ನೂ ಕಳಿಸಿದ್ದಾನೆ ಎಂಬುದು ಪೇಟೆಯ ತೀರ್ಮಾನ. ಆ ಕಾಲದಲ್ಲಿ ಚಂದದ್ದೆಲ್ಲ ಗಲ್ಫಿನಿಂದಲೇ ಬರಬೇಕೆಂದು ಜನ ನಂಬಿದ್ದರು. ಊರಿನ ಒಂದೊಂದು ಮನೆಯೂ ನಂಬಿ ಹೆಂಡತಿ ಮಕ್ಕಳನ್ನು ಒಪ್ಪಿಸಿದ್ದ ಹೆಂಗಸು ಸುಳ್ಳು ಹೇಳಿದ್ದಾರೆಂಬ ಮಾತು, ತಮಾಷೆಯಾಗಿಯೇ ಆಡಿದ್ದಾದರೂ, ಅವರನ್ನು ಚುಚ್ಚಿತು. ಒಂದು ವಾರ ಅವರು ಪೇಟೆಗೆ ಇಳಿಯಲಿಲ್ಲ. ಎಂಟನೆಯ ದಿನ ಬೇಲಿಯ ಬಳಿ ಬಂದು, ಯಾವ ಪೀಠಿಕೆಯೂ ಇಲ್ಲದೆ ಹೇಳಿದರು: "ಒಂದು ಗಡ್ಡೆಯನ್ನು ತರಿಸಬಹುದು ಮಾಷ್ಟ್ರೇ. ಒಂದು ಕುಟುಂಬವನ್ನು ತರಿಸಲಿಕ್ಕೆ ಆಗುವುದಿಲ್ಲ. ಬರುವ ವರ್ಷ ಎಲ್ಲರನ್ನೂ ಕರೆದುಕೊಂಡು ಹೋಗುವುದು."

ಉಳಿದ ಸಸಿಗಳು ಮುಂದಿನ ಬೇಸಿಗೆಗೆ ಅರಳುವ ಪ್ರಾಯಕ್ಕೆ ಬಂದಿದ್ದವು. ಆದರೆ ಅವೆಲ್ಲವೂ ಒಂದೇ ವಾರದಲ್ಲಿ ಅರಳಬೇಕಿತ್ತು. ಆ ಮಳೆಗಾಲ ಬಾಯಿ ಒಂದು ಚಟ್ಟಿಯನ್ನೂ ಕಳೆದುಕೊಳ್ಳಲಿಲ್ಲ. ಒಟ್ಟಿಗೆ ಮಲಗಿದರೆ ಒಟ್ಟಿಗೆ ಏಳುತ್ತವೆಂದು, ಚಳಿ ಶುರುವಾದೊಡನೆ ನೀರು ನಿಲ್ಲಿಸಿದರು. ಎಲೆ ಹಳದಿಯಾಗಿ ಬಿತ್ತು. ಗಡ್ಡೆಗಳು ಒಣಮಣ್ಣಿನಲ್ಲಿ ಸತ್ತಂತೆ ಮಲಗಿದವು. ಇಷ್ಟು ವರ್ಷದ ಶ್ರಮವನ್ನು ಹಟಕ್ಕೆ ಬಿದ್ದು ಕೊಲ್ಲುತ್ತಿದ್ದಾರೆಂದು ನನಗೇ ಭಯವಾಯಿತು. ಫೆಬ್ರವರಿ ಮಧ್ಯದಲ್ಲಿ ಒಂದೇ ದಿನ ಎಲ್ಲ ಚಟ್ಟಿಗಳಿಗೂ ಧಾರಾಳವಾಗಿ ನೀರೆರೆದು, ಬಿಸಿಲಿಗೆ ಇಟ್ಟು, ಇಗರ್ಜಿಗೆ ಹೋಗಿ ಮೇಣದ ಬತ್ತಿ ಹಚ್ಚಿ ಬಂದರು. ಕೆಲವು ದಿನ ಏನೂ ಕಾಣಲಿಲ್ಲ. ಆಮೇಲೆ ಒಂದು ಮುಂಜಾನೆ ಬರ್ತಾ ಮಲ್ಲಿಗೆಯ ಬುಟ್ಟಿಯನ್ನು ಅಲ್ಲೇ ಬಿಟ್ಟು, ನಮ್ಮ ಅಂಗಳಕ್ಕೆ ಓಡಿ ಬಂದರು. ಅಕ್ಕ ಸುಮ್ಮನೆ ಕೂತು ಅಳುತ್ತಿದ್ದಾಳೆ, ಎಲ್ಲ ಚಟ್ಟಿಯಲ್ಲೂ ಮೂಗು ಬಂದಿದೆ ಎಂದರು. ಮೊಗ್ಗಿನ ತುದಿಗೆ ಅವರಿಟ್ಟ ಹೆಸರು ಅದು.

ಪ್ರದರ್ಶನದ ದಿನ ಇಪ್ಪತ್ತಕ್ಕೂ ಮಿಕ್ಕಿದ ಚಟ್ಟಿಗಳಲ್ಲಿ ಹೂವು ಅರಳಿ ನಿಂತಿತ್ತು. ಕಾರಿನಲ್ಲಿ ಹಿಡಿಸುವ ಮಾತಿಲ್ಲ. ಲಾರಿಯಲ್ಲಿ ಹಾಕಿದರೆ ಒಂದು ದಂಟೂ ಉಳಿಯದು. ಬಾಯಿ ಎಲ್ಲವನ್ನೂ ಬಸ್ ನಿಲ್ದಾಣಕ್ಕೆ ತರಿಸಿ ಸಾಲಾಗಿ ನಿಲ್ಲಿಸಿದರು. ಮಣಿಪಾಲದ ಬಸ್ಸು ಬಂತು. ಚಾಲಕ ತಾರಾನಾಥ, ಮುಂದಿನ ಬಸ್ಸನ್ನು ಹಿಂದೆ ಹಾಕುವುದರಲ್ಲಿ ಕುಖ್ಯಾತ. ಕೂತಿದ್ದ ಪ್ರಯಾಣಿಕರ ಮಡಿಲಿಗೆ ಬಾಯಿ ಒಂದೊಂದಾಗಿ ಚಟ್ಟಿಗಳನ್ನು ಇಡುತ್ತಾ ಬಂದರು: "ಹಿಡಿಯಿರಿ. ಕುತ್ತಿಗೆ ಭದ್ರ." ಆಸ್ಪತ್ರೆಗೆ ಹೊರಟ ಗೃಹಸ್ಥರೊಬ್ಬರು, ಅಂಬಲಪಾಡಿಗೆ ಹೋಗುವ ಅರ್ಚಕರು, ವೈದ್ಯಕೀಯ ಓದುವ ಹುಡುಗಿಯರು, ಎಲ್ಲರೂ ಮಾತಿಲ್ಲದೆ ಹಿಡಿದರು. ಹೊರ ಊರಿನವನೊಬ್ಬ ಮಾತ್ರ ಇದೆಂಥ ಕಾಟ ಎಂದು ಗೊಣಗಿದ. ಅವನ ಪಕ್ಕದಲ್ಲಿ ಖಾಲಿ ಮೀನುಬುಟ್ಟಿಯೊಳಗೆ ಚಟ್ಟಿಯನ್ನು ಭದ್ರವಾಗಿ ಕೂರಿಸಿಕೊಂಡಿದ್ದ ಮೀನು ಮಾರುವ ಅಪ್ಪಿ ತುಳುವಿನಲ್ಲಿ ಹೇಳಿದ್ದಿಷ್ಟು: "ಬಾಯಮ್ಮ ಹಿಡಿ ಅಂದರೆ ಹಿಡಿಯುವುದು. ನನ್ನ ನಾಲ್ಕು ಮಕ್ಕಳನ್ನು ಅವರು ಹಿಡಿದಿದ್ದಾರೆ."

ಕೊನೆಯ ಚಟ್ಟಿಯನ್ನು ಹಿಡಿದು ಮೆಟ್ಟಿಲು ಹತ್ತಿದವರು ಬರ್ತಾ. ಆ ದಿನ ಅವರ ಮಲ್ಲಿಗೆ ಕೊಯ್ಯುವವರಿಲ್ಲದೆ ಗಿಡದಲ್ಲೇ ಬಿರಿಯಿತು.

ತಾರಾನಾಥ ಅಂದು ಓಡಿಸಿದಂತೆ ಮೊದಲೂ ಓಡಿಸಿಲ್ಲ, ಆಮೇಲೂ ಓಡಿಸಿಲ್ಲ. ಕಟಪಾಡಿಯ ಬಳಿ ಹಿಂದಿನ ಬಸ್ಸು ಹಾರನ್ ಹೊಡೆಯುತ್ತಾ ಮುಂದೆ ಹೋದಾಗ ಅವನು ಕೈ ಬೀಸಿ ದಾರಿ ಬಿಟ್ಟುಕೊಟ್ಟ. ಉಡುಪಿಯಲ್ಲಿ ಇಳಿಯಬೇಕಾದವರಲ್ಲಿ ಹೆಚ್ಚಿನವರು ಇಳಿಯಲೇ ಇಲ್ಲ. ಇಷ್ಟು ದೂರ ಹಿಡಿದ ಮೇಲೆ ಕೊನೆ ಏನಾಗುತ್ತದೆಂದು ನೋಡದೆ ಹೋಗುವುದು ಹೇಗೆ? ಮಣಿಪಾಲದ ಸಭಾಂಗಣದೊಳಕ್ಕೆ ಆ ಮೆರವಣಿಗೆ ಪ್ರವೇಶಿಸಿದಾಗ ಮುಂದೆ ಬಿಳಿಯ ಕೋಟಿನ ಬಾಯಿ, ಹಿಂದೆ ಅರ್ಚಕರು, ಅಪ್ಪಿ, ಬರ್ತಾ, ನಾನು, ವಿದ್ಯಾರ್ಥಿನಿಯರು, ಕೊನೆಗೆ ಗೊಣಗಿದ್ದ ಆ ಹೊರ ಊರಿನವನೂ, ಎಲ್ಲರ ಕೈಯಲ್ಲೂ ಒಂದೊಂದು ಲಿಲ್ಲಿ. ಗುಲಾಬಿಯ ಮೇಜುಗಳ ಸುತ್ತ ಇದ್ದವರು ತಿರುಗಿ ನೋಡಿ ಬದಿಗೆ ಸರಿದರು.

ಮೇಜು ಸಾಲದೆ ನೆಲದ ಮೇಲೇ ಸಾಲಾಗಿ ಇಟ್ಟೆವು. ಒಂದು ಅಚ್ಚ ಕೆಂಪು. ಒಂದು ನಸುಗೆಂಪಿನ ಮೇಲೆ ಬಿಳಿಯ ಪಟ್ಟೆ. ಒಂದರಲ್ಲಿ ಬಿಳುಪಿನ ಮೇಲೆ ಕೆಂಪು ನಾಳಗಳು. ಒಂದು ಮಾಗಿದ ಗೇರುಹಣ್ಣಿನ ಬಣ್ಣದ್ದು. ಒಂದರಂತೆ ಇನ್ನೊಂದಿಲ್ಲ, ಆದರೂ ಎಲ್ಲವೂ ಒಂದೇ ಮನೆಯವೆಂದು ಕುರುಡನೂ ಹೇಳಬಹುದಿತ್ತು. ಕೃಷ್ಣರಾಜರು ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ಮತ್ತೆ ಹಿಂದಿರುಗಿ ನಡೆದರು. ಅಷ್ಟರಲ್ಲಿ ಜನರ ನಡುವಿನಿಂದ ರೇಷ್ಮೆ ಸೀರೆಯ ಹೆಂಗಸೊಬ್ಬರು ಮುಂದೆ ಬಂದು ನೆಲದ ಮೇಲೇ ಕುಳಿತುಬಿಟ್ಟರು. ಪ್ರದರ್ಶನ ನೋಡಲು ಕಾರ್ಕಳದಿಂದ ಬಂದಿದ್ದ ಪ್ರಭಾವತಿ ಅವರು. ಒಂದು ಹೂವಿನ ಗಲ್ಲವನ್ನು ಎತ್ತಿ ಒಳಗೆ ನೋಡಿದರು, ಮತ್ತೊಂದನ್ನು ನೋಡಿದರು.

"ಈ ಹಸಿರು ಗಂಟಲು ನಮ್ಮ ಮನೆಯದ್ದು," ಎಂದರು. "ಗಡ್ಡೆಯನ್ನು ನಾನು ಯಾರಿಗೂ ಕೊಟ್ಟವಳಲ್ಲ. ಇವರಿಗೆ ಧೂಳು ಕೊಟ್ಟಿದ್ದೆ. ನಗಾಡಿಕೊಂಡು ಕೊಟ್ಟಿದ್ದೆ."

ಕೃಷ್ಣರಾಜರು ಕನ್ನಡಕ ತೆಗೆದು ಒರೆಸಿಕೊಂಡರು. ಒಂದು ಗಳಿಗೆಯೂ ತಡಮಾಡದೆ ವೇದಿಕೆ ಹತ್ತಿ ಮೈಕಿನ ಮುಂದೆ ನಿಂತರು. ಕಳೆದ ವರ್ಷ ಇದೇ ಸಭೆಯಲ್ಲಿ ತಾನು ಇವರ ಮಾತನ್ನು ನಂಬಲಿಲ್ಲ, ಅದು ತನ್ನ ತಪ್ಪು, ಎಲ್ಲರ ಎದುರು ಆಡಿದ್ದನ್ನು ಎಲ್ಲರ ಎದುರೇ ಹಿಂದೆ ತೆಗೆದುಕೊಳ್ಳುತ್ತೇನೆ ಎಂದರು. ಹೆಸರಿನ ನಿಯಮವನ್ನು ಇಂದಿಗೇ ಬಿಟ್ಟಿದ್ದೇವೆ, ಪ್ರಥಮ ಬಹುಮಾನ ಆ ಸಾಲಿನ ಯಾವುದೋ ಒಂದಕ್ಕಲ್ಲ, ಇಡೀ ಸಾಲಿಗೆ ಎಂದು ಘೋಷಿಸಿದರು. ಸೋತವರ ದನಿಯಾಗಿರಲಿಲ್ಲ ಅದು. ಒಳ್ಳೆಯದೊಂದನ್ನು ಕಂಡ ತೋಟಗಾರನ ದನಿ. ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ಅಪ್ಪಿ ತನ್ನ ಬುಟ್ಟಿಯನ್ನು ತಲೆಯ ಮೇಲೆತ್ತಿ ಆಡಿಸಿದಳು. ಡುಲ್ಸಿನ್ ಬಾಯಿ ಮಾತ್ರ ನೀರಿನ ನಳ್ಳಿ ಎಲ್ಲಿ ಉಂಟು ಎಂದು ವಿಚಾರಿಸಿದರು, ಗಿಡಗಳಿಗೆ ಬಾಯಾರಿದೆ ಎಂದರು. ಆದರೆ ಅವರ ಮುಖವನ್ನು ನಾನು ನೋಡಿದೆ. ಇಳಿಹಗಲಿನ ತನಕ ಬರ್ತಾ ಸಾಲಿನ ಮುಂದಿನಿಂದ ಅಲುಗಲಿಲ್ಲ, ಬಂದವರಿಗೆಲ್ಲ "ನಮ್ಮದು, ಬೀಜದಿಂದ ಬಂದದ್ದು" ಎಂದು ಹೇಳುತ್ತಲೇ ಇದ್ದರು.

ಹೂವು ಮುಗಿದ ಮೇಲೆ ಬಾಯಿ ಒಂದು ಕೆಲಸ ಮಾಡಿದರು. ಬಸ್ಸಿನಲ್ಲಿ ಯಾರು ಯಾವ ಚಟ್ಟಿಯನ್ನು ಹಿಡಿದಿದ್ದರೋ ಅದನ್ನು ಅವರವರ ಮನೆಗೇ ಒಯ್ದುಕೊಟ್ಟರು. ಹೆಸರಿಡುವ ಕೆಲಸವನ್ನೂ ಅವರಿಗೇ ಬಿಟ್ಟರು. ಹೀಗಾಗಿ ಇಂದು ಕಾಪುವಿನಲ್ಲಿ ಅಪ್ಪಿ ಲಿಲ್ಲಿ ಎಂಬುದೊಂದಿದೆ, ಅಂಬಲಪಾಡಿಯಲ್ಲಿ ಭಟ್ಟರ ಲಿಲ್ಲಿ ಎಂಬುದಿದೆ. ಅಲೆವೂರಿನ ಗುಲಾಬಿ ತೋಟದ ನಡುವೆ, ಕೃಷ್ಣರಾಜರು ಕೇಳಿ ಪಡೆದ ಒಂದು, ಹೆಸರಿಲ್ಲದೆಯೇ ಪ್ರತಿ ಬೇಸಿಗೆಯಲ್ಲೂ ಅರಳುತ್ತದೆ. ಪ್ರಭಾವತಿ ಆ ವರ್ಷವೇ ತಮ್ಮ ಬಿಳಿಯ ಲಿಲ್ಲಿಯ ಗಡ್ಡೆಯೊಂದನ್ನು ಕಾಪುವಿಗೆ ತಂದುಕೊಟ್ಟರು. ಬಾಯಿ ಸಂತೋಷದಿಂದ ನೆಟ್ಟರು. ನೆಟ್ಟು, ಅದು ಹೂಬಿಟ್ಟ ದಿನವೇ ಚಿಮಟ ಹಿಡಿದು ಅದರ ಮುಂದೆ ಮೊಣಕಾಲೂರಿದರು. ಆಗ ಅವರಿಗೆ ಎಪ್ಪತ್ತು ಸಮೀಪಿಸಿತ್ತು. ಇನ್ನು ನಾಲ್ಕು ವರ್ಷ ಕಾಯಬೇಕಲ್ಲ ಎಂದು ನಾನು ಅಂದದ್ದಕ್ಕೆ, ಕಾಯುವುದು ಎಂತದು, ಆ ನಾಲ್ಕು ವರ್ಷ ಹೇಗೂ ಬರುತ್ತದಲ್ಲ ಎಂದರು.

ಇಂಥವರನ್ನು ನಾವು ತಾಳ್ಮೆಯ ಮೂರ್ತಿಗಳೆಂದು ಹೊಗಳುತ್ತೇವೆ. ನನ್ನ ಮಟ್ಟಿಗೆ ಅದು ಪೂರ್ತಿ ತಪ್ಪು ತಿಳಿವಳಿಕೆ. ತಾಳ್ಮೆಯುಳ್ಳವರು ಇದ್ದದ್ದರಲ್ಲಿ ತೃಪ್ತರಾಗಿ, ಗಡ್ಡೆ ನೆಟ್ಟು, ಕಳೆದ ವರ್ಷ ಕಂಡ ಹೂವನ್ನೇ ಈ ವರ್ಷವೂ ಕಂಡು ಸುಖವಾಗಿರಬಲ್ಲರು. ಬೀಜ ಬಿತ್ತುವವರು ಅತೃಪ್ತರು, ಆಸೆಬುರುಕರು; ಸೃಷ್ಟಿ ಇದುವರೆಗೆ ತೋರಿಸಿದ ಮುಖಗಳು ಅವರಿಗೆ ಸಾಲುವುದಿಲ್ಲ, ತೋರಿಸದೆ ಒಳಗಿಟ್ಟುಕೊಂಡದ್ದನ್ನೂ ಹೊರಗೆ ತೆಗೆಸಿ ನೋಡಲೇಬೇಕು. ವರ್ಷಗಳು ಅವರಿಗೆ ದೂರವೆನಿಸದಿರುವುದು ಆ ಹಸಿವಿನ ಬಲದಿಂದ. ಲೋಕಕ್ಕೆ ಹೊಸದಾಗಿ ಬಂದ ಚೆಲುವಿನ ಹಿಂದೆಲ್ಲ ಇಂಥ ಒಬ್ಬ ಆಸೆಬುರುಕ ಮನುಷ್ಯನ ಕೈ ಇದ್ದೇ ಇರುತ್ತದೆ; ಉಳಿದ ನಾವು ಅದನ್ನು ಮಡಿಲಲ್ಲಿ ಹಿಡಿದುಕೊಂಡು ಸ್ವಲ್ಪ ದೂರ ಸಾಗಿಸಿದರೂ ಸಾಕು, ಜನ್ಮ ಸಾರ್ಥಕವಾಯಿತು.